ಆಮೆನ್‌ಗೆ ಮುಂಚಿನ ಊಂ

ಮೊನ್ನೆ ಸಿಂಚನ ಕಾಲೇಜಿನ ಎಥ್ನಿಕ್ ಡೇಗೆ ಸೀರೆ ಹುಡುಕುತ್ತ ನನ್ನ ಬೀರುವನ್ನು ತಲೆಕೆಳಗು ಮಾಡಿದಳು. ಅದರಲ್ಲಿ ಇರುವುದಾದರೂ ಏನು? ತಿಳಿ ಹಸಿರು, ತಿಳಿ ನೀಲಿ, ಬೂದಿ ಬಣ್ಣ. ನಿಮ್ಮ ತಾತ ಹೋದ ಮೇಲೆ ಯಾರ್ಯಾರೋ ತಂದುಕೊಟ್ಟ, ಒಗೆಯುವ ಮೊದಲೇ ಒಗೆದಂತೆ ಕಾಣುವ ಸೀರೆಗಳು. ಅವುಗಳ ಅಡಿಯಲ್ಲಿ ಅವಳಿಗೆ ಒಂದು ಕಪ್ಪು ಸೀರೆ ಸಿಕ್ಕಿತು. ಅಂಚಿಲ್ಲ, ಜರಿ ಇಲ್ಲ, ಕಾಗೆಯ ರೆಕ್ಕೆಯಂಥ ಕಪ್ಪು.

"ಅಜ್ಜಿ, ಇದು ಸಖತ್ತಾಗಿದೆ. ಯಾರ್ದು?"

"ನಂದೇ ಕಣೆ."

"ನಿಂದಾ? ಪಾರ್ಟಿಗೆ ಹೋಗ್ತಿದ್ಯಾ?"

ಪಕ್ಕದಲ್ಲಿ ಮೊಬೈಲಿನೊಳಗೆ ಮುಳುಗಿದ್ದ ಗಗನ್ ತಲೆ ಎತ್ತದೆಯೇ, "ಅದು ಅಜ್ಜಿ ಚರ್ಚಲ್ಲಿ ಊಂ ಅಂದ ಸೀರೆ ಕಣೆ," ಎಂದ. ನೀವಿಬ್ಬರೂ ಬಿದ್ದು ಬಿದ್ದು ನಕ್ಕಿರಿ. ಆಮೇಲೆ ಆ ಹಳೆಯ ವಿಡಿಯೋ ಹುಡುಕಿ ಹಾಕಿಕೊಂಡು ಇನ್ನೊಮ್ಮೆ ನಕ್ಕಿರಿ.

ನಗಿ, ಬೇಡ ಅನ್ನುವುದಿಲ್ಲ. ನಾನೂ ನಕ್ಕೆ. ಆದರೆ ಆ ಊಂ ಎಂಬ ಸದ್ದಿನ ವಿಷಯದಲ್ಲಿ ನಿಮಗೆ ಗೊತ್ತಿರುವುದು ವಿಡಿಯೋದಲ್ಲಿ ಕಾಣುವಷ್ಟು ಮಾತ್ರ. ಬಾಯಲ್ಲಿ ಹೇಳಹೊರಟರೆ ನೀವು ನಡುವೆ ಮಾತು ತೂರಿಸುತ್ತೀರಿ, ನಾನು ಸುಮ್ಮನಾಗಿಬಿಡುತ್ತೇನೆ. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಬರೆಯುವುದರಲ್ಲಿ ಆ ತೊಂದರೆ ಇಲ್ಲ. ಕಾಗದ ನಡುವೆ ಬಾಯಿ ಹಾಕುವುದಿಲ್ಲ.

ಆಗ ನಮ್ಮ ಕೋಗಿಲು ಊರಿನ ಮನೆಯ ಮಹಡಿಯಲ್ಲಿ ಮರ್ಸಿ ಟೀಚರ್ ಬಾಡಿಗೆಗಿದ್ದರು. ನಿಮಗೆ ಅವರು ಕ್ರಿಸ್‌ಮಸ್‌ಗೆ ಕೊಡುತ್ತಿದ್ದ ಸಕ್ಕರೆ ಮೆತ್ತಿದ ಕಲ್‌ಕಲ್ ತಿಂಡಿ ಮಾತ್ರ ನೆನಪಿರಬೇಕು. ಒಂದು ದಿನ ನಾನು ಹಿತ್ತಲಲ್ಲಿ ಅವರೆಕಾಳು ಹಿದುಕುತ್ತ ಕೂತಿದ್ದೆ. ಅವರೆ ಹಿದುಕುವುದು ಎಂಥ ಕೆಲಸವೆಂದರೆ ಬೆರಳಿಗೆ ಮಾತ್ರ ದುಡಿಮೆ. ತಲೆಗೂ ಬಾಯಿಗೂ ರಜ. ರಜ ಸಿಕ್ಕ ಬಾಯಿ ತನ್ನಷ್ಟಕ್ಕೆ ತಾನು ಏನನ್ನೋ ಗುನುಗುತ್ತದೆ. ಮರ್ಸಿ ಟೀಚರ್ ಮೆಟ್ಟಿಲಿಳಿದು ಬಂದವರು ಸೀಬೆಮರದ ಹಿಂದೆ, ನೀರಿನ ತೊಟ್ಟಿಯ ಹಿಂದೆ ಇಣುಕಿ ನೋಡಿದರು.

"ಆಂಟಿ, ಇಲ್ಲಿ ಹಾಡ್ತಿದ್ದ ಗಂಡಸು ಯಾರು?"

"ಯಾವ ಗಂಡಸಮ್ಮ? ನಾನೊಬ್ಳೇ ಇರೋದು."

ಬೇರೆಯವರಾಗಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಮರ್ಸಿ ಟೀಚರ್ ಕಳೆದುಹೋದ ಓಲೆ ಸಿಕ್ಕವರ ಹಾಗೆ ನನ್ನ ಎರಡೂ ಕೈಗಳನ್ನು ಅವರೆಯ ಸಿಪ್ಪೆಯ ಸಮೇತ ಹಿಡಿದುಕೊಂಡರು.

ನನ್ನ ದನಿಗೆ ಅಂಥ ಮರ್ಯಾದೆ ಅದುವರೆಗೆ ಸಿಕ್ಕಿರಲಿಲ್ಲ. ನಾನು ಓದಿದ ಹಳ್ಳಿಯ ಶಾಲೆಗೆ ಇದ್ದದ್ದು ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಬೆಳಗಿನ ಪ್ರಾರ್ಥನೆಯಲ್ಲಿ ಹೆಣ್ಣುಮಕ್ಕಳೆಲ್ಲ ಗುಬ್ಬಿಗಳ ಹಾಗೆ ಚಿಲಿಪಿಲಿ ಎಂದರೆ, ಅವರ ನಡುವೆ ನಾನು ಎಮ್ಮೆಕರು. ಕೆಲವು ದಿನ ಸಹಿಸಿಕೊಂಡ ಮೇಷ್ಟ್ರು, "ಜಯಾ, ನೀನು ಬರೀ ತುಟಿ ಆಡ್ಸು ಸಾಕು. ದೇವ್ರಿಗೆ ಅರ್ಥ ಆಗುತ್ತೆ," ಎಂದರು. ನಾನು ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದೆ. ಒಮ್ಮೆ ಶಾಲೆ ನೋಡಲು ಬಂದ ಇನ್‌ಸ್ಪೆಕ್ಟರು, ಎಲ್ಲರಿಗಿಂತ ಭಕ್ತಿಯಿಂದ ಹಾಡಿದವಳು ಈ ಹುಡುಗಿ ಎಂದು ನನ್ನ ಬೆನ್ನು ತಟ್ಟಿ ಹೋದರು. ಮೇಷ್ಟ್ರು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮದುವೆಯಾಗಿ ಕೋಗಿಲಿಗೆ ಬಂದ ಮೇಲೆ ಆ ದನಿಗೊಂದು ಕೆಲಸ ಸಿಕ್ಕಿತು. ನಿಮ್ಮ ದೊಡ್ಡಜ್ಜಿ, ಅಂದರೆ ನನ್ನ ವಾರಗಿತ್ತಿ ಪುಟ್ಟಕ್ಕ, ಸೋಬಾನೆ ಹಾಡುವುದರಲ್ಲಿ ಸುತ್ತಮುತ್ತಲ ಊರಿಗೆಲ್ಲ ಹೆಸರಾದವಳು. ಸೋಬಾನೆಯನ್ನು ನೀವು ಸರಿಯಾಗಿ ಕೇಳಿಯೇ ಇಲ್ಲ. ಈಗ ಡಿಜೆ ಶುರುವಾಗುವ ಮೊದಲೇ ಮುಗಿಸಿಬಿಡುತ್ತಾರೆ. ಮದುಮಗಳಿಗೆ ಅರಿಸಿನ ಹಚ್ಚುವಾಗ, ಹಸೆಗೆ ಕರೆಯುವಾಗ ಹೆಂಗಸರು ಕೂತು ಹಾಡುವ ಹಾಡು ಅದು. ಒಬ್ಬರು ಸೊಲ್ಲು ಎತ್ತುವವರು, ಅಂದರೆ ಸಾಲನ್ನು ಶುರು ಮಾಡುವವರು. ಇನ್ನೊಬ್ಬರು ಹಿಡಿಯುವವರು. ಎತ್ತಿದವರ ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಸರಿಯಾಗಿ ಹಿಡಿಯುವವರ ದನಿ ಕೆಳಗಿನಿಂದ ಬಂದು ಸೇರಿಕೊಳ್ಳಬೇಕು. ನಡುವೆ ಒಂದು ಎಳೆಯಷ್ಟೂ ಮೌನ ಇರಬಾರದು. ಸೊಲ್ಲು ನೆಲಕ್ಕೆ ಬಿದ್ದರೆ ಮದುಮಗಳಿಗೆ ಒಳ್ಳೆಯದಲ್ಲ ಎಂಬ ನಂಬಿಕೆ. ಮದುಮಗಳಿಗೆ ಏನಾಗುತ್ತದೋ ಕಾಣೆ, ಬೀಗರ ಕಡೆಯ ಹೆಂಗಸರಂತೂ ಸೆರಗು ಅಡ್ಡ ಹಿಡಿದು ನಗುತ್ತಾರೆ.

ಪುಟ್ಟಕ್ಕ ಎತ್ತುವವಳು, ನಾನು ಹಿಡಿಯುವವಳು. ನಾಚಿಕೆ ಸ್ವಭಾವದವಳಿಗೆ ಹೇಳಿ ಮಾಡಿಸಿದಂಥ ಕೆಲಸ. ಯಾವುದನ್ನೂ ಮೊದಲು ಶುರು ಮಾಡಬೇಕಾಗಿಲ್ಲ. ಶುರುವಾದದ್ದು ಬೀಳದ ಹಾಗೆ ನೋಡಿಕೊಂಡರೆ ಸಾಕು. ಸಂಸಾರವೂ ಹಾಗೆಯೇ ಅಂತ ಆಗ ಅಂದುಕೊಂಡಿದ್ದೆ.

ನಿಮ್ಮ ತಾತ ಹೋದ ಮೇಲೆ ಆ ಕೆಲಸ ಹೋಯಿತು. ಹಾಡಬೇಡ ಎಂದು ಯಾರೂ ಹೇಳಲಿಲ್ಲ. ನಮ್ಮವರು ತುಂಬ ಒಳ್ಳೆಯವರು, ಯಾರ ಮನಸ್ಸಿಗೂ ನೋವಾಗುವ ಮಾತಾಡುವುದಿಲ್ಲ, ಕರೆಯುವುದಿಲ್ಲ, ಅಷ್ಟೆ. ಮುತ್ತೈದೆಯರು ಹಾಡಿಗೆ ಸೇರುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಬಂದು, "ಜಯಮ್ಮ, ಉಗ್ರಾಣ ನೋಡ್ಕೊಳೋಕೆ ನಂಬಿಕಸ್ತರು ಬೇಕಿತ್ತಲ್ಲ," ಅನ್ನುತ್ತಿದ್ದರು. ಗಂಡ ಇದ್ದಾಗ ಯಾರೂ ನನ್ನನ್ನು ಅಷ್ಟು ನಂಬಿರಲಿಲ್ಲ. ಬೆಲ್ಲ, ಬೇಳೆ, ಎಣ್ಣೆ ಡಬ್ಬಗಳ ನಡುವೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಆಮೇಲೆ ಮದುವೆಗಳೆಲ್ಲ ಕನ್ವೆನ್ಷನ್ ಹಾಲುಗಳಿಗೆ ಹೋದವು, ಅಡುಗೆ ಕೇಟರಿಂಗ್‌ನವರ ಪಾಲಾಯಿತು, ಉಗ್ರಾಣ ಎಂಬುದೇ ಇಲ್ಲವಾಯಿತು. ಆಗ ನನಗೆ ಹ್ಯಾಂಡ್‌ಬ್ಯಾಗುಗಳ ಕಾವಲು ಸಿಕ್ಕಿತು. ಮಡಿಲ ತುಂಬ ಬೇರೆಯವರ ಬ್ಯಾಗು ಇಟ್ಟುಕೊಂಡು, ಒಳಗಿನ ಕೋಣೆಯಿಂದ ಬರುವ ಪುಟ್ಟಕ್ಕನ ಹಾಡು ಕೇಳುತ್ತಿದ್ದೆ. ಅವಳ ಸೊಲ್ಲನ್ನು ಯಾರೂ ಹಿಡಿಯದೆ ಅದು ನಡುವೆ ಬೀಳುವುದೂ ಕೇಳುತ್ತಿತ್ತು. ನನ್ನ ಗಂಟಲಲ್ಲಿ ಅದನ್ನು ಹಿಡಿಯುವ ದನಿ ಎದ್ದು ಬರುತ್ತಿತ್ತು. ನುಂಗುತ್ತಿದ್ದೆ. ಇನ್ನೊಂದು ಸಲ ಯಾರಾದರೂ ಆ ಹಾಡಿಗೆ ಕರೆದಾರೇ ಎಂಬ ಆಸೆ ಇತ್ತು. ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ನೋಡಿ, ನಿಮಗೆ ಹೇಳುತ್ತಿದ್ದೇನೆ.

ಮರ್ಸಿ ಟೀಚರ್ ವಿಷಯಕ್ಕೆ ಬರುತ್ತೇನೆ. ಅವರು ಹೋಗುತ್ತಿದ್ದ ಚರ್ಚು ಹೆಬ್ಬಾಳದಿಂದ ಒಳಗಡೆ ಹೋದರೆ ಸಿಗುತ್ತದೆ, ಹಳೆಯ ಕಲ್ಲಿನ ಕಟ್ಟಡ. ಅಲ್ಲಿ ಒಂದು ದೊಡ್ಡ ಪೈಪ್ ಆರ್ಗನ್ ಇತ್ತು. ಆರ್ಗನ್ ಎಂದರೆ ನಾನು ನಾಟಕದವರ ಕಾಲು ಹಾರ್ಮೋನಿಯಂ ಎಂದುಕೊಂಡಿದ್ದೆ. ಇದು ಹಾಗಲ್ಲ. ಬೋರ್‌ವೆಲ್ ಲಾರಿಯಿಂದ ಇಳಿಸಿದ ಪೈಪುಗಳನ್ನು ಉದ್ದ ಗಿಡ್ಡ ನೋಡಿ ಗೋಡೆಗೆ ಸಾಲಾಗಿ ನಿಲ್ಲಿಸಿದ ಹಾಗಿತ್ತು. ಕೆಲವು ತವರದ್ದು, ಕೆಲವು ಮರದ್ದು. ಅದಕ್ಕೆ ಗಾಳಿ ಬೇಕು. ಮೊದಲೆಲ್ಲ ಹಿಂಬದಿಯಲ್ಲಿ ಒಬ್ಬ ನಿಂತು ಕಮ್ಮಾರನ ತಿದಿಯ ಹಾಗೆ ಒತ್ತುತ್ತಿದ್ದನಂತೆ, ಈಗ ಮೋಟರು. ಮುಂದೆ ಕೂತವರು ಮಣೆ ಒತ್ತಿದರೆ ಒಂದೊಂದು ಪೈಪಿನ ಬುಡದ ಪುಟ್ಟ ಬಾಗಿಲು ತೆರೆದು ಗಾಳಿ ನುಗ್ಗುತ್ತದೆ, ಪೈಪು ಕೂಗುತ್ತದೆ. ಬೆರಳೆತ್ತಿದರೆ ಬಾಗಿಲು ಮುಚ್ಚಿಕೊಳ್ಳಬೇಕು. ಎಷ್ಟೋ ವರ್ಷದಿಂದ ಅದು ಕೂಗಿರಲಿಲ್ಲ, ಒಳಗೆ ಪಾರಿವಾಳಗಳು ಸಂಸಾರ ಹೂಡಿದ್ದವು. ಚೌರಪ್ಪ ಎಂಬ ವಯಸ್ಸಾದ ರಿಪೇರಿಯವರು ಬಂದು ಎಲ್ಲವನ್ನೂ ಬಿಚ್ಚಿ, ತೊಳೆದು, ಹೊಸ ಚರ್ಮ ಕಟ್ಟಿ, ಕೊನೆಗೂ ಅದಕ್ಕೆ ಜೀವ ಬರಿಸಿದ್ದರು. ಆ ಸಂತೋಷಕ್ಕೆ ದೊಡ್ಡ ಕಾಯಿರ್, ಅಂದರೆ ಗುಂಪುಹಾಡು, ಹಾಡಿಸಬೇಕು, ಯಾವ ಜಾತಿ, ಯಾವ ಧರ್ಮದವರಾದರೂ ಬರಬಹುದು ಎಂದು ಫಾದರ್ ಹೇಳಿದ್ದರಂತೆ.

"ಟೆನರ್‌ಗೆ ಜನಾನೇ ಇಲ್ಲ ಆಂಟಿ," ಎಂದರು ಮರ್ಸಿ ಟೀಚರ್. "ಗಂಡಸರೆಲ್ಲ ದನಿ ದಪ್ಪ ಅಂತ ತೋರಿಸ್ಕೊಳ್ಳೋಕೆ ಬೇಸ್‌ಗೇ ಹೋಗಿ ನಿಂತ್ಕೋತಾರೆ. ನಿಮ್ದು ಕರೆಕ್ಟ್ ಟೆನರ್."

"ಅದೇನಮ್ಮ ಹಂಗಂದ್ರೆ?"

"ಗಂಡಸರ ಸಾಲಲ್ಲಿ ನಿಂತು ಹಾಡೋದು."

ಬಸ್ಸಿನಲ್ಲಿ ಗಂಡಸಿನ ಪಕ್ಕದ ಸೀಟು ಖಾಲಿ ಇದ್ದರೆ ಯಲಹಂಕದಿಂದ ಯಶವಂತಪುರದವರೆಗೆ ನಿಂತೇ ಹೋದವಳು ನಾನು. ಆಗುವುದಿಲ್ಲ ಎಂದೆ. ಆದರೆ ನಾನು ಆಗುವುದಿಲ್ಲ ಎನ್ನುವ ರೀತಿಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅಲ್ಲದೆ ಅಷ್ಟು ವರ್ಷದ ಮೇಲೆ ಯಾರೋ ಒಬ್ಬರು ಹಾಡೋಕೆ ಬನ್ನಿ ಎಂದಿದ್ದರು.

ನಿಮ್ಮಪ್ಪ ಆಗ ವಾರ್ಡ್ ಎಲೆಕ್ಷನ್‌ಗೆ ನಿಲ್ಲುವ ಯೋಚನೆಯಲ್ಲಿದ್ದ. ವಿಷಯ ಕೇಳಿ ಮೊದಲು ಹುಬ್ಬು ಗಂಟಿಕ್ಕಿ, "ಚರ್ಚಾ? ಜನ ಏನಂತಾರಮ್ಮ?" ಎಂದ. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಏನು ಲೆಕ್ಕ ಹಾಕಿದನೋ, "ಹೋಗಮ್ಮ, ಹೋಗು. ಎಲ್ಲಾ ದೇವ್ರೂ ಒಂದೇ," ಎಂದುಬಿಟ್ಟ. ನಮ್ಮ ಮನೆಯಲ್ಲಿ ಅಂಥ ದೊಡ್ಡ ಮಾತು ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಹೀಗೆ ನಾನು ಟೆನರ್ ಆದೆ. ನನ್ನ ಎಡಗಡೆ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಒಬ್ಬರು. ಮೊದಲ ದಿನವೇ ನನ್ನನ್ನು "ಸಿಸ್ಟರ್" ಎಂದು ಕರೆದರು. ನಾನು ನರ್ಸಲ್ಲ ಎಂದು ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ. ಹಾಡಿನ ಮಾತುಗಳು ಲ್ಯಾಟಿನ್. ಅದನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡೆ. ಅರ್ಥವಾಗುತ್ತಿರಲಿಲ್ಲ. ಅದರಿಂದ ಏನೂ ತೊಂದರೆಯಾಗಲಿಲ್ಲ. ಮದುವೆಯಲ್ಲಿ ಪುರೋಹಿತರು ಹೇಳುವುದು ನಮಗೇನು ಅರ್ಥವಾಗಿರುತ್ತದೆಯೇ? ರಾಗವನ್ನು ಪಕ್ಕದವರಿಂದ ಕೇಳಿ ಹಿಡಿಯುತ್ತಿದ್ದೆ. ಅದು ನನಗೆ ಅಭ್ಯಾಸವಿದ್ದ ಕೆಲಸವೇ. ಎಲ್ಲ ಸಲೀಸಾಗಿ ಸಾಗಿತು, ಒಂದು ಜಾಗ ಬರುವವರೆಗೆ.

ಆ ಜಾಗ ಹಾಡಿನ ಕೊನೆಯಲ್ಲಿತ್ತು. ನಾಲ್ಕು ಸಾಲಿನವರೂ ಆರ್ಗನ್ನೂ ಸೇರಿ ದನಿ ಏರುತ್ತ ಏರುತ್ತ ಚಾವಣಿ ಮುಟ್ಟಿದ ಮೇಲೆ, ಕತ್ತಿಯಿಂದ ಕಡಿದ ಹಾಗೆ ಎಲ್ಲರೂ ಒಮ್ಮೆಗೇ ನಿಲ್ಲಿಸಬೇಕು. ಸ್ವಲ್ಪ ಹೊತ್ತು ಪೂರ್ತಿ ಮೌನ. ಆಮೇಲೆ ಮೆಲ್ಲಗೆ ಆಮೆನ್. ಮೊದಲ ಸಲ ಎಲ್ಲರೂ ನಿಂತರು, ನಾನು ನಿಲ್ಲಲಿಲ್ಲ. ಅಷ್ಟು ಜನರ ಸೊಲ್ಲು ಒಟ್ಟಿಗೆ ಬೀಳುತ್ತಿದೆ, ನೋಡಿಕೊಂಡು ಸುಮ್ಮನಿರುವುದು ಹೇಗೆ? ನನ್ನ ಗಂಟಲು ನನ್ನನ್ನು ಕೇಳದೆಯೇ ಹಿಡಿದುಕೊಂಡಿತು. ಖಾಲಿ ಚರ್ಚಿನಲ್ಲಿ ನನ್ನ ದನಿಯೊಂದೇ ಊಂ ಎಂದು ಸುತ್ತು ಹಾಕಿತು.

ಹಾಡು ಕಲಿಸುತ್ತಿದ್ದ ಸ್ಯಾಮ್ ಮಾಸ್ಟರ್ ವಯಸ್ಸಿನಲ್ಲಿ ಚಿಕ್ಕವರು, ಬಹಳ ತಾಳ್ಮೆಯವರು. "ಆಂಟಿ, ಅಲ್ಲಿ ರೆಸ್ಟ್ ಇದೆ," ಎಂದರು.

"ಪರವಾಗಿಲ್ಲಪ್ಪ, ನಂಗೇನೂ ಸುಸ್ತಾಗಿಲ್ಲ," ಎಂದೆ.

ಬೇಸ್ ಸಾಲಿನವರು ನಕ್ಕದ್ದು ನೋಡಿ ನಾನು ಏನೋ ತಪ್ಪು ಹೇಳಿದೆ ಎಂದು ಗೊತ್ತಾಯಿತು. ರೆಸ್ಟ್ ಎಂದರೆ ಹಾಡಿನೊಳಗೇ ಬರೆದಿಟ್ಟ ಮೌನ ಎಂದು ಮಾಸ್ಟರ್ ವಿವರಿಸಿದರು. "ಆ ಗ್ಯಾಪಲ್ಲಿ ದೇವ್ರು ಮಾತಾಡ್ತಾನೆ ಆಂಟಿ. ಅದಕ್ಕೇ ನಾವು ಸುಮ್ನಿರ್ಬೇಕು."

ಇದು ನನಗೆ ಹೊಸದು. ನಮ್ಮ ಕಡೆ ದೇವರಿಗೆ ಮಾತಾಡಲು ಅವಕಾಶ ಕೊಡುವ ಪದ್ಧತಿಯೇ ಇಲ್ಲ. ಮಾಂಗಲ್ಯಧಾರಣೆಯ ಹೊತ್ತಿಗೆ ಗಟ್ಟಿಮೇಳ ಬಾರಿಸುವುದೇ ಯಾರ ಸೀನೂ ಯಾರ ಅಪಶಬ್ದವೂ ಕಿವಿಗೆ ಬೀಳದಿರಲಿ ಎಂದು. ಮೌನ ಬಿದ್ದರೆ ಅದರೊಳಗೆ ಏನು ನುಗ್ಗುತ್ತದೋ ಎಂಬ ಭಯ ನಮಗೆ. ಇವರು ಮೌನವನ್ನು ಕಾಸಿಗೆ ಕಾಸು ಕೂಡಿಟ್ಟ ಹಾಗೆ ಜೋಪಾನ ಮಾಡುತ್ತಿದ್ದರು.

ಎರಡನೆಯ ಸಲವೂ ಊಂ ಎಂದೆ. ಮೂರನೆಯ ಸಲವೂ. ವಾರಗಟ್ಟಲೆ ಇದೇ ಆಯಿತು. ಆ ಜಾಗ ಹತ್ತಿರ ಬಂದರೆ ಮುಂದಿನ ಸಾಲಿನ ಹುಡುಗಿಯರು ನಗು ತಡೆಯಲು ಮೊದಲೇ ತುಟಿ ಕಚ್ಚಿಕೊಳ್ಳುತ್ತಿದ್ದರು. ನಾನು ಸೆರಗು ಕಚ್ಚಿ ನೋಡಿದೆ, ತೊಡೆ ಚಿವುಟಿಕೊಂಡು ನೋಡಿದೆ. ಬಿಟ್ಟುಬಿಡುತ್ತೇನೆ ಎಂದು ಮರ್ಸಿ ಟೀಚರ್‌ಗೆ ಹೇಳಿದೆ. ಅವರು ಒಪ್ಪಲಿಲ್ಲ. ಕೊನೆಗೆ ದಾರಿ ತೋರಿಸಿದವರು ಗಾರ್ಡ್ ಸಾಹೇಬರು.

"ಸಿಸ್ಟರ್, ಅಲ್ಲಿ ಕೆಂಪು ಬಾವುಟ ಹಾರಿಸಿದ್ದೀನಿ ಅಂತ ತಿಳ್ಕೊಳಿ. ಗಾಡಿ ಎಷ್ಟೇ ಜೋರಲ್ಲಿರ್ಲಿ, ನಿಲ್ಲೇಬೇಕು."

ಅದು ಹೇಗೋ ಕೆಲಸ ಮಾಡಿತು. ಕೊನೆಕೊನೆಯ ಅಭ್ಯಾಸಗಳಲ್ಲಿ ನಾನು ನಿಂತೆ. ಮೈಯೆಲ್ಲ ಮುಂದಕ್ಕೆ ವಾಲಿದರೂ ದನಿ ನಿಂತಿತು. ಸ್ಯಾಮ್ ಮಾಸ್ಟರ್ ಎರಡೂ ಕೈ ಎತ್ತಿ ಮುಗಿದರು. ಆ ಮೌನದಲ್ಲಿ ದೇವರು ಏನಾದರೂ ಹೇಳಿದನೋ ಎಂದು ನಾನು ಕಿವಿಗೊಟ್ಟೆ. ದೂರದಲ್ಲಿ ಹೆಬ್ಬಾಳದ ಫ್ಲೈಓವರಿನ ಹಾರ್ನ್ ಕೇಳಿಸಿತು.

ಕಾರ್ಯಕ್ರಮಕ್ಕೆ ಹೆಂಗಸರೆಲ್ಲ ಕಪ್ಪು ಸೀರೆ ಉಡಬೇಕು ಎಂದಾಯಿತು. ಯಲಹಂಕದ ಅಂಗಡಿಯವನು ಸೀರೆಯ ಮೇಲೆ ಸೀರೆ ಹಾಸಿ, ಕೊನೆಗೆ, "ಯಾರಿಗಮ್ಮ?" ಎಂದು ಕೇಳಿದ. ನನಗೇ ಎಂದಾಗ ನನ್ನ ಹಣೆಯನ್ನೊಮ್ಮೆ ನೋಡಿ, ಪಾಪ, ದರ ಕೇಳುವ ಮೊದಲೇ ಇಳಿಸಿದ. ಯಾವ ದುಃಖಕ್ಕೆ ಎಂದು ಊಹಿಸಿದನೋ.

ಕಾರ್ಯಕ್ರಮದ ಸಂಜೆ ಪುಟ್ಟಕ್ಕನೂ ಬಂದಳು. ಹಾಡು ಕೇಳಲು ಅಲ್ಲ; ನಾನು ಜಾತಿ ಬಿಟ್ಟೆನೋ ಇಲ್ಲವೋ ಕಣ್ಣಾರೆ ನೋಡಲು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಎಲ್ಲರೂ ಬೂಟು ಹಾಕಿಕೊಂಡೇ ಒಳಗೆ ಹೋಗುವುದನ್ನು ಕಂಡು ಮತ್ತೆ ಹಾಕಿಕೊಳ್ಳಲು ಮನಸ್ಸಾಗದೆ, ಹೊರಗೆ ಬಿಡಲು ಧೈರ್ಯವೂ ಸಾಲದೆ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮಡಿಲಲ್ಲಿಟ್ಟುಕೊಂಡು ಮುಂದಿನ ಬೆಂಚಿನಲ್ಲಿ ಕೂತಳು. ತಲೆಯಲ್ಲಿ ಎರಡು ಮೊಳ ಮಲ್ಲಿಗೆ.

"ಏನೇ ಜಯಾ, ಇಂಗೆ ಕರೀ ಸೀರೆ ಉಟ್ಕಂಡಿದ್ದೀಯ, ಲಾಯರಮ್ಮನ ಅಂಗೆ," ಎಂದಳು.

ಟೆನರ್ ಸಾಲು ನಿಲ್ಲುವ ಜಾಗ ಪೈಪುಗಳ ಬುಡದಲ್ಲೇ ಇತ್ತು. ನನ್ನ ಬೆನ್ನ ಹಿಂದೆ, ನನ್ನಷ್ಟೇ ಎತ್ತರದ ಮರದ ಪೈಪುಗಳ ಒಂದು ಸಾಲು. ಫಾದರ್ ಮಾತಾಡಿದರು, ಚೌರಪ್ಪನವರಿಗೆ ಶಾಲು ಹೊದಿಸಿದರು. ಅವರು ಆ ಶಾಲಿನ ಭಾರಕ್ಕೆ ಕುಗ್ಗಿದವರ ಹಾಗೆ ಹೋಗಿ ಕಂಬದ ಹತ್ತಿರ ನಿಂತರು. ಹಾಡು ಶುರುವಾಯಿತು. ಅಷ್ಟು ದನಿಗಳ ನಡುವೆ ನನ್ನದೂ ಒಂದು ಇತ್ತು, ಯಾರೂ ಅದನ್ನು ಗಂಡಸಿನದು ಎನ್ನಲಿಲ್ಲ, ಅಥವಾ ಎಲ್ಲರೂ ಹಾಗೆಂದುಕೊಂಡು ಸುಮ್ಮನಿದ್ದರು. ನನಗೆ ಬಹಳ ಸಂತೋಷವಾಗಿತ್ತು ಮಕ್ಕಳೇ, ಅದನ್ನೂ ಬರೆದುಬಿಡುತ್ತೇನೆ.

ಕೊನೆಯ ಜಾಗ ಬಂತು. ದನಿ ಏರಿತು, ಏರಿತು. ಕೆಂಪು ಬಾವುಟ ಕಣ್ಣ ಮುಂದೆ ಹಾರಿತು. ಮಾಸ್ಟರ್ ಕೈ ಮುಷ್ಟಿ ಕಟ್ಟಿದರು. ನಿಲ್ಲಿಸಿದೆ. ಎಲ್ಲರೂ ನಿಲ್ಲಿಸಿದರು. ಆರ್ಗನ್ ನುಡಿಸುತ್ತಿದ್ದವರು ಎರಡೂ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡರು.

ಊಂ.

ಇಡೀ ಚರ್ಚಿನಲ್ಲಿ ಒಂದೇ ಒಂದು ದನಿ. ತಗ್ಗಿನದು, ಮೆತ್ತಗಿನದು, ಸ್ವಲ್ಪವೂ ನಡುಗದೆ, ಸ್ವಲ್ಪವೂ ಉಸಿರು ತೆಗೆದುಕೊಳ್ಳದೆ.

ಮಾಸ್ಟರ್ ಕಣ್ಣು ನನ್ನ ಮೇಲೆ ಬಂತು. ಮುಂದಿನ ಸಾಲಿನ ಹುಡುಗಿಯರು ತಿರುಗಿ ನೋಡಿದರು. ಗಾರ್ಡ್ ಸಾಹೇಬರು ಕಣ್ಣು ಮುಚ್ಚಿಕೊಂಡರು, ಕಣ್ಣೆದುರೇ ಗಾಡಿ ಹಳಿ ತಪ್ಪಿದವರ ಹಾಗೆ. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಆದರೆ ಅಷ್ಟು ಜನ ಅಷ್ಟು ಖಾತ್ರಿಯಾಗಿ ನೋಡಿದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ನಾನೇ ಇರಬಹುದೇ ಎಂದು ಕೈ ಎತ್ತಿ ತುಟಿ ಮುಟ್ಟಿ ನೋಡಿಕೊಂಡೆ. ನೀವು ವಿಡಿಯೋದಲ್ಲಿ ನೋಡಿ ನಗುವುದು ಅದನ್ನೇ: ಊಂ ಎಂದ ಅಜ್ಜಿ, ಅಯ್ಯೋ ಎಂದು ಬಾಯಿ ಮುಚ್ಚಿಕೊಳ್ಳುವುದು. ತುಟಿ ಮುಚ್ಚಿಕೊಂಡೇ ಇತ್ತು, ಗಂಟಲು ಅಲುಗುತ್ತಿರಲಿಲ್ಲ. ಸದ್ದು ನನ್ನ ಬೆನ್ನ ಹಿಂದಿನಿಂದ ಬರುತ್ತಿತ್ತು. ಬೆರಳೆತ್ತಿದರೂ ಒಂದು ಮರದ ಪೈಪಿನ ಬಾಗಿಲು ಮುಚ್ಚಿಕೊಂಡಿರಲಿಲ್ಲ. ಮೋಟರು ಗಾಳಿ ಊದುತ್ತಿತ್ತು, ಪೈಪು ನನ್ನ ದನಿಯಲ್ಲೇ ಹಾಡುತ್ತಿತ್ತು.

ಆಮೇಲೆ ಆಮೆನ್ ಬಂತು, ಅದರೊಳಗೆ ಆ ಊಂ ಸೇರಿಹೋಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹೊರಗೆ ಅಂಗಳದಲ್ಲಿ ಟೀ, ಕೇಕು. ಎಲ್ಲರೂ ನನ್ನನ್ನು ಸಮಾಧಾನ ಮಾಡುವವರೇ. "ಪರವಾಗಿಲ್ಲ ಬಿಡಿ ಆಂಟಿ," ಎಂದು ಮರ್ಸಿ ಟೀಚರ್ ಬೆನ್ನು ಸವರಿದರು. "ಚೆನ್ನಾಗೇ ಇತ್ತು, ಒಂಥರಾ ಎಫೆಕ್ಟ್," ಎಂದರು ಸ್ಯಾಮ್ ಮಾಸ್ಟರ್, ಮುಖ ಮಾತ್ರ ಬೇರೆ ಹೇಳುತ್ತಿತ್ತು. ನಾನಲ್ಲ ಎನ್ನಲು ಎರಡು ಸಲ ಬಾಯಿ ತೆರೆದೆ. ಲೋಕದಲ್ಲಿ ಇಷ್ಟು ಜನ ಒಪ್ಪಿ ಕ್ಷಮಿಸಿದ ಮೇಲೆ ತಪ್ಪೇ ಮಾಡಿಲ್ಲ ಎನ್ನುವುದು ಒಂಥರಾ ಸೊಕ್ಕಿನ ಹಾಗೆ ಕಾಣುತ್ತದೆ. ನುಂಗಿಕೊಂಡೆ. ಎಂದೂ ಸುಮ್ಮನಿರಲು ಬಾರದವಳು ಅಷ್ಟು ಕಷ್ಟಪಟ್ಟು ಕಲಿತು ಸುಮ್ಮನಿದ್ದ ದಿನವೇ ಹೀಗಾಗಬೇಕೇ ಎಂದು ಒಳಗೆ ಅಳು ಬರುತ್ತಿತ್ತು.

ಅಷ್ಟರಲ್ಲಿ ಪುಟ್ಟಕ್ಕ ಜನರನ್ನು ಸರಿಸಿಕೊಂಡು ಬಂದಳು. ಒಂದು ಕೈಯಲ್ಲಿ ಕೇಕು, ಇನ್ನೊಂದರಲ್ಲಿ ಚಪ್ಪಲಿಯ ಚೀಲ. ಬೈಯುತ್ತಾಳೆ ಎಂದುಕೊಂಡೆ.

"ಅಷ್ಟ್ ಜನ ಓದಿರೋರು ಕಣೆ," ಎಂದಳು. "ಇಂಗ್ಲೀಸು ಗಿಂಗ್ಲೀಸು ಎಲ್ಲಾ ಬತ್ತದೆ. ಎಲ್ಲಾ ಒಟ್ಗೇ ಸೊಲ್ಲು ಕೆಳೀಕ್ ಬಿಟ್ಬುಟ್ರು. ನಂಗೆ ಎದೆ ಧಸಕ್ ಅಂತು. ನೀನೊಬ್ಳೇ ಇಡ್ಕಂಡೆ ನೋಡು."

ನಾನಲ್ಲ ಎನ್ನಲು ಮೂರನೆಯ ಸಲ ಬಾಯಿ ತೆರೆದೆ.

"ಎಷ್ಟ್ ವರ್ಸ ಆಗಿತ್ತೇ ಆ ಸದ್ದು ಕೇಳಿ," ಎಂದಳು. ಕೇಕನ್ನು ಬಾಯಿಗಿಟ್ಟುಕೊಂಡು ನಿಧಾನಕ್ಕೆ ಅಗಿದಳು. ಪುಟ್ಟಕ್ಕನ ಕಣ್ಣಲ್ಲಿ ನೀರು ಬಂದರೆ ಅವಳು ಏನನ್ನಾದರೂ ಅಗಿಯುತ್ತಾಳೆ. ಅದು ಅವಳ ರೀತಿ. "ಬರೋ ತಿಂಗ್ಳು ನಮ್ ರೂಪನ ಮದ್ವೆ. ಅರಿಸ್ನದ ಸಾಸ್ತ್ರಕ್ಕೆ ಬಂದು ನನ್ ಪಕ್ಕ ಕೂತ್ಕ. ಇಡಿಯೋರೇ ಇಲ್ಲ ಕಣೆ. ನಂಗೂ ಉಸ್ರು ಸಾಲ್ದು ಈಗ."

ರೂಪ ಅವಳ ಮೊಮ್ಮಗಳು, ನಿಮಗೆ ಅಕ್ಕನಾಗಬೇಕು. ನನ್ನ ಕೈ ತಾನಾಗಿ ಹಣೆಗೆ ಹೋಯಿತು. "ಅಕ್ಕ, ನಾನೆಂಗೆ..."

"ಯಾವಳಾದ್ರೂ ಬಾಯಿ ಬಿಟ್ರೆ ನಂಗೇಳು. ಸೊಲ್ಲು ನೆಲಕ್ ಬೀಳೋದ್ಕಿಂತ ಅದೇನ್ ದೊಡ್ಡ ಕೇಡಲ್ಲ," ಎಂದವಳೇ ಇನ್ನೊಂದು ತುಂಡು ಕೇಕು ಹುಡುಕಿಕೊಂಡು ಹೊರಟಳು.

ಗಂಡ ಹೋದವಳು ಹಾಡುವುದು ಅಪಶಕುನ, ಹಾಡು ನಡುವೆ ನಿಲ್ಲುವುದು ಅದಕ್ಕಿಂತ ದೊಡ್ಡ ಅಪಶಕುನ. ಶಾಸ್ತ್ರಕ್ಕೆ ಶಾಸ್ತ್ರವನ್ನೇ ಒಡ್ಡಿ ಪುಟ್ಟಕ್ಕ ನನಗೊಂದು ಜಾಗ ಮಾಡಿಬಿಟ್ಟಿದ್ದಳು. ಎಷ್ಟೋ ವರ್ಷ ಕಾದಿದ್ದ ಕರೆ ಒಂದು ಚೂರು ಕೇಕಿನ ನಡುವೆ ಬಂದು ಹೋಗಿತ್ತು. ಅದೂ ಮರದ ಪೈಪೊಂದರ ದಯೆಯಿಂದ. ನಿಜ ಹೇಳಿದರೆ ಆ ಕರೆ ಹೋಗುತ್ತದೆ.

ಆಗ ಚೌರಪ್ಪನವರು ಬಂದರು. ಶಾಲು ತೆಗೆದು ಕೈಯಲ್ಲಿ ಹಿಡಿದಿದ್ದರು.

"ಅಮ್ಮಾ, ಅದು ನೀವಲ್ಲ, ನಂಗೊತ್ತು. ನನ್ ಪೈಪು. ಮಳೆ ಥಂಡಿಗೆ ಮರ ಊದ್ಕೊಂಡು ಬಾಗ್ಲು ಕೂತಿಲ್ಲ. ಫಾದರ್ ಇನ್ನೊಂದ್ಸಲ ಮೈಕ್ ತಗೋತಾರೆ, ಆಗ ನಾನೇ ಎಲ್ರ ಮುಂದೆ ಹೇಳ್ಬಿಡ್ತೀನಿ."

ಆ ಮಾತಿಗಾಗಿ ಸ್ವಲ್ಪ ಮೊದಲಾಗಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ. ಪುಟ್ಟಕ್ಕ ಆಚೆ ಮೇಜಿನ ಹತ್ತಿರ ಯಾರಿಗೋ ನನ್ನ ಕಡೆ ಬೆರಳು ತೋರಿಸುತ್ತ ಹೆಮ್ಮೆಯಿಂದ ಏನೋ ಹೇಳುತ್ತಿದ್ದಳು.

"ಬೇಡಿ," ಎಂದೆ.

"ತಪ್ಪು ನಂದಮ್ಮ. ನಿಮ್ ಮೇಲೆ ಬಂತಲ್ಲ."

"ಬರ್ಲಿ ಬಿಡಿ. ನನ್ ಮೇಲೇ ಇರ್ಲಿ."

"ಅದೆಂಗಮ್ಮ ಆಗುತ್ತೆ? ಎಲ್ರೂ ನಿಮ್ಮನ್ನ ನೋಡಿ ನಕ್ರು."

"ನಗ್ಲಿ. ನಿಮ್ಮ ದಮ್ಮಯ್ಯ ಅಂತೀನಿ, ಯಾರಿಗೂ ಹೇಳ್ಬೇಡಿ."

ಚೌರಪ್ಪನವರು ನನ್ನನ್ನೇ ನೋಡುತ್ತ ನಿಂತರು. ಶಾಲನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ನಮಸ್ಕಾರ ಮಾಡಿ ಹೊರಟುಹೋದರು. ಅವರ ಮರ್ಯಾದೆ ಉಳಿಸಲು ನಾನು ಆ ಅವಮಾನ ಹೊತ್ತುಕೊಂಡೆ ಎಂದು ಆ ಮನುಷ್ಯ ಇವತ್ತಿಗೂ ನಂಬಿದ್ದಾರೆ. ಪ್ರತಿ ಕ್ರಿಸ್‌ಮಸ್‌ಗೆ ಅವರ ಮನೆಯಿಂದ ಒಂದು ಕೇಕು ಬರುತ್ತದೆ. ನೀವಿಬ್ಬರೂ ಕಿತ್ತಾಡಿಕೊಂಡು ತಿನ್ನುವುದು ಅದನ್ನೇ. ಮಾಡದ ತ್ಯಾಗದ ಕೇಕು ಎಂದು ನಾನು ಒಂದು ಚೂರಷ್ಟೇ ಬಾಯಿಗೆ ಹಾಕಿಕೊಳ್ಳುತ್ತೇನೆ. ಚೆನ್ನಾಗಿರುತ್ತದೆ.

ರೂಪನ ಅರಿಸಿನದ ಶಾಸ್ತ್ರ ಮನೆಯ ಮುಂದಿನ ಚಪ್ಪರದಲ್ಲೇ ಆಯಿತು. ನಾನು ಹೋಗುತ್ತಿದ್ದ ಹಾಗೆ ನೆಂಟರ ಪೈಕಿಯ ಒಬ್ಬ ಹೆಂಗಸು ಅಭ್ಯಾಸವೆಂಬಂತೆ, "ಜಯಮ್ಮೋರೇ, ಈ ಬ್ಯಾಗ್ ಒಂಚೂರು..." ಎಂದು ಮುಂದೆ ಹಿಡಿದರು.

"ನಿನ್ ಬ್ಯಾಗ್ ನೀನೇ ನೋಡ್ಕಳವ್ವ," ಎಂದಳು ಚಾಪೆಯ ಮೇಲೆ ಕೂತಿದ್ದ ಪುಟ್ಟಕ್ಕ. "ಅವ್ಳಿಗೆ ಕೆಲ್ಸ ಐತೆ."

ಇಬ್ಬರು ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಚಾಪೆಯ ಅಂಚಿನಲ್ಲಿ ಕೂತೆ. ಪುಟ್ಟಕ್ಕ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ರೂಪನ ಕೆನ್ನೆಗೆ ಮೊದಲ ಅರಿಸಿನ ಹಚ್ಚಿ, ಕೈ ಒರೆಸಿಕೊಳ್ಳದೆಯೇ ಸೊಲ್ಲು ಎತ್ತಿದಳು. ಅವಳ ದನಿ ಮೊದಲಿನ ಹಾಗಿರಲಿಲ್ಲ, ಅಲ್ಲಲ್ಲಿ ಹರಿದಿತ್ತು. ಅದು ಮುಗಿಯುವ ಕಡೆ ನಾನು ಕೆಳಗಿನಿಂದ ಬಂದು ಸೇರಿಕೊಂಡೆ. ಸರಿಯಾಗಿಯೇ ಸೇರಿಕೊಂಡೆ. ಎರಡು ಸೊಲ್ಲು ಹಿಡಿದೆ. ಮೂರನೆಯದರ ನಡುವೆ, ಎಳೆಯಬೇಕಾದ ಉದ್ದನೆಯ ಜಾಗದಲ್ಲಿ, ನನ್ನ ಉಸಿರು ಮುಗಿದುಹೋಯಿತು. ವಯಸ್ಸೋ, ಎದೆ ತುಂಬಿದ್ದೋ, ಬರೀ ಬಾಯಿ ತೆರೆದುಕೊಂಡಿತ್ತು, ಸದ್ದಿಲ್ಲ. ಸೊಲ್ಲು ಬಿತ್ತು ಎಂದುಕೊಂಡೆ. ಬೀಳಲಿಲ್ಲ. ಎತ್ತುವ ಪುಟ್ಟಕ್ಕನೇ ಆ ಹರಕು ದನಿಯಲ್ಲಿ ಹಿಡಿದು ಆಚೆ ದಡಕ್ಕೆ ಮುಟ್ಟಿಸಿದಳು.

ಸಾಲು ಮುಗಿದದ್ದೇ ನನ್ನ ಕಡೆ ವಾಲಿ, "ಏನೇ, ಅಲ್ಲಿ ಅಷ್ಟೊತ್ತು ಇಡ್ದೋಳು ಇಲ್ಲಿ ಇಷ್ಟಕ್ಕೇ ಬಿಟ್ಬುಟ್ಟೆ?" ಎಂದಳು.

"ಅಲ್ಲಿ ಮೋಟ್ರು ಇತ್ತು ಕಣಕ್ಕ," ಎಂದೆ.

ಪುಟ್ಟಕ್ಕ ನಕ್ಕು ನನ್ನ ತೊಡೆಗೊಂದು ಏಟು ಕೊಟ್ಟಳು. ಅರಿಸಿನದ ಕೈ, ಐದು ಬೆರಳೂ ನನ್ನ ಸೀರೆಯ ಮೇಲೆ ಮೂಡಿದವು. ಒರೆಸಿಕೊಳ್ಳಲು ಹೊತ್ತಿರಲಿಲ್ಲ. ಅವಳು ಆಗಲೇ ಮುಂದಿನ ಸೊಲ್ಲು ಎತ್ತಿದ್ದಳು, ಹಿಡಿದೆ.